ಕಾಲೇಜು ಬಯಲಿನಲ್ಲಿ ಊರಿನ ಬ್ಯಾಂಡ್‌ಗಳ ಸಂಗೀತೋತ್ಸವ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಕಾಲೇಜೊಂದರಲ್ಲಿ ಓದುತ್ತಿದ್ದ ವರ್ಷಗಳಲ್ಲಿ ನಾನು ಮತ್ತು ಗೆಳೆಯರು ಸೇರಿ, ಊರಿನ ಮತ್ತು ಸುತ್ತಲಿನ ಬ್ಯಾಂಡ್‌ಗಳನ್ನು ಕರೆದು, ಕಾಲೇಜಿನ ಆಟದ ಬಯಲಿನಲ್ಲಿ ಒಂದು ದಿನದ ಸಂಗೀತೋತ್ಸವವನ್ನು ಮೂರು ಬಾರಿ ನಡೆಸಿದೆವು. ಒಂದು ವರ್ಷ ಮಳೆಯಲ್ಲಿ ತೊಯ್ದುಹೋಯಿತು, ಒಂದು ವರ್ಷ ಅರ್ಧಕ್ಕೇ ನಿಂತಿತು, ಒಂದು ವರ್ಷ ಚೆನ್ನಾಗಿ ಆಯಿತು. ಅಂದಿನಿಂದ ಬೇರೆ ಬೇರೆ ಕಾಲೇಜುಗಳ ವಿದ್ಯಾರ್ಥಿಗಳು, ವಾದಕರು, ಕೆಲವೊಮ್ಮೆ ಅವರ ತಂದೆತಾಯಿಯರು ಕೇಳುತ್ತ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಬಹುತೇಕ ಉತ್ತರಗಳ ಹಿಂದೆ ಇರುವುದು ಒಂದೇ ಲೆಕ್ಕ: ರಾತ್ರಿ ಹತ್ತು ಗಂಟೆಗೆ ಧ್ವನಿವರ್ಧಕ ಬಂದ್ ಆಗಬೇಕು. ಆ ಹತ್ತರಿಂದ ಹಿಂದಕ್ಕೆ ಎಣಿಸುತ್ತ ಬಂದವರ ಉತ್ಸವ ನಡೆಯುತ್ತದೆ. ಬೆಳಗಿನಿಂದ ಮುಂದಕ್ಕೆ ಎಣಿಸುತ್ತ ಹೋದವರದು ಕೊನೆಯ ಬ್ಯಾಂಡಿನ ಕೈಯಿಂದ ಮೈಕ್ ಕಸಿದುಕೊಳ್ಳುವುದರಲ್ಲಿ ಮುಗಿಯುತ್ತದೆ.

ಬ್ಯಾಂಡ್ ಎಂದರೆ ಮದುವೆ ಬ್ಯಾಂಡೇ?

ಪ್ರಾಂಶುಪಾಲರು ನಮಗೆ ಕೇಳಿದ ಮೊದಲ ಪ್ರಶ್ನೆಯೂ ಇದೇ ಆಗಿತ್ತು. ನಮ್ಮ ಮನಸ್ಸಿನಲ್ಲಿದ್ದದ್ದು ಗಿಟಾರು, ಬೇಸ್, ಡ್ರಮ್ಸ್, ಕೀಬೋರ್ಡ್ ಇಟ್ಟುಕೊಂಡು ಸ್ವಂತ ಹಾಡು ಕಟ್ಟುವ ಹುಡುಗ ಹುಡುಗಿಯರ ತಂಡಗಳು. ಆದರೆ ಪ್ರಶ್ನೆ ತಪ್ಪಲ್ಲ ಎಂದು ಆಮೇಲೆ ಹೊಳೆಯಿತು. ಉತ್ತರ ಕರ್ನಾಟಕದ ಯಾವ ಊರಿನಲ್ಲಿಯೂ ಬ್ಯಾಂಡ್ ಎಂದರೆ ಮೊದಲು ನೆನಪಾಗುವುದು ಟ್ರಂಪೆಟ್, ಕ್ಲಾರಿಯೊನೆಟ್, ಸೈಡ್ ಡ್ರಮ್ ಹಿಡಿದು ವರನ ಮುಂದೆ ನಡೆಯುವ ಬ್ಯಾಂಡ್ ಕಂಪನಿಯೇ. ಮೂರನೆಯ ವರ್ಷ ಅಂಥದೊಂದು ಕಂಪನಿಯನ್ನೇ ಉದ್ಘಾಟನೆಗೆ ಕರೆದೆವು. ಅವರು ಮುಖ್ಯ ಗೇಟಿನಿಂದ ನುಡಿಸುತ್ತ ವೇದಿಕೆಯವರೆಗೆ ನಡೆದು ಬಂದರು. ಮೈಕ್ ಬೇಕಾಗಲಿಲ್ಲ, ಕರೆಂಟ್ ಬೇಕಾಗಲಿಲ್ಲ, ಹಾಸ್ಟೆಲ್ಲಿನಲ್ಲಿ ಮಲಗಿದ್ದವರೆಲ್ಲ ಎದ್ದು ಹಿಂದೆ ಬಂದರು. ಯಾವ ಪೋಸ್ಟರಿಗೂ ಅಷ್ಟು ಜನ ಬಂದದ್ದನ್ನು ನಾನು ಕಂಡಿಲ್ಲ.

ಇಷ್ಟು ದೊಡ್ಡ ಕೆಲಸ ವಿದ್ಯಾರ್ಥಿಗಳ ಕೈಯಲ್ಲಿ ಆಗುತ್ತದೆಯೇ?

ಆದ ನಿದರ್ಶನಗಳಿವೆ. ಡೆನ್ಮಾರ್ಕಿನ ರೋಸ್ಕಿಲ್ಡ್ ಉತ್ಸವವು ಇಂದು ಯುರೋಪಿನ ದೊಡ್ಡ ಬಯಲು ಸಂಗೀತೋತ್ಸವಗಳಲ್ಲಿ ಒಂದು; ಅದನ್ನು 1971ರಲ್ಲಿ ಆರಂಭಿಸಿದವರಲ್ಲಿ ಇಬ್ಬರು ಆಗಿನ್ನೂ ಪ್ರೌಢಶಿಕ್ಷಣದ ವಿದ್ಯಾರ್ಥಿಗಳಾಗಿದ್ದರು. ಅದೇ 1971ರಲ್ಲಿ ಮುಂಬಯಿ ಐಐಟಿಯಲ್ಲಿ ಮೂಡ್ ಇಂಡಿಗೊ ಎಂಬ ವಿದ್ಯಾರ್ಥಿಗಳ ಉತ್ಸವ ಆರಂಭವಾಯಿತು. ನಮ್ಮ ರಾಜ್ಯದಲ್ಲಿಯೇ, ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು ನಡೆಸಿಕೊಂಡು ಬಂದ ಸ್ಟ್ರಾಬೆರಿ ಫೀಲ್ಡ್ಸ್ ಎಂಬ ರಾಕ್ ಸ್ಪರ್ಧೆ ಹವ್ಯಾಸಿ ಬ್ಯಾಂಡ್‌ಗಳಿಗೆ ಒಂದು ಮುಖ್ಯ ವೇದಿಕೆಯಾಗಿತ್ತು. ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ದಸರೆಗೆ ಮುನ್ನ ನಡೆಯುವ ಯುವ ಸಂಭ್ರಮದಲ್ಲಿ ಕುಣಿಯುವವರೂ ಕೂಗುವವರೂ ವಿದ್ಯಾರ್ಥಿಗಳೇ. ಆದರೆ ಅದನ್ನು ನಡೆಸುವುದು ದಸರಾ ಸಮಿತಿ. ಆದ್ದರಿಂದ ಅದರ ಅಳತೆಯನ್ನು ನಿಮ್ಮ ಬಯಲಿಗೆ ಹಾಕಬೇಡಿ.

ಕೆಲಸ ಆಗುವುದು ಹೇಗೆಂದರೆ, ಅದನ್ನು ಹಂಚಿದಾಗ. ವೇದಿಕೆ ಮತ್ತು ಧ್ವನಿಗೆ ಒಬ್ಬರು, ಬ್ಯಾಂಡ್‌ಗಳ ಸಂಪರ್ಕಕ್ಕೆ ಒಬ್ಬರು, ಅನುಮತಿಗಳಿಗೆ ಒಬ್ಬರು, ಗೇಟು ಮತ್ತು ಸುರಕ್ಷತೆಗೆ ಒಬ್ಬರು, ಹಣಕ್ಕೆ ಒಬ್ಬರು. ಈ ಐವರಲ್ಲಿ ಯಾರೂ ಅಂದು ವೇದಿಕೆಯ ಮೇಲೆ ಹಾಡುವವರಾಗಿರಬಾರದು. ಮೊದಲನೆಯ ವರ್ಷ ನಮ್ಮಲ್ಲಿ ಖಜಾಂಚಿಯೇ ಡ್ರಮ್ಮರ್ ಆಗಿದ್ದ. ಜನರೇಟರ್‌ನವನು ಹಣ ಕೇಳಲು ಬಂದಾಗ ಅವನು ಹಾಡಿನ ನಡುವೆ ಇದ್ದ.

ಹೆಸರಾಂತ ಗಾಯಕರೊಬ್ಬರನ್ನು ಕರೆಸಿದರೆ ಜನ ತಾವಾಗಿಯೇ ಬರುವುದಿಲ್ಲವೇ?

ಬರುತ್ತಾರೆ, ಅವರನ್ನು ಮಾತ್ರ ಕೇಳಿ ಹೋಗುತ್ತಾರೆ. ಊರಿನ ಬ್ಯಾಂಡ್‌ಗಳು ಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ಬಯಲಿಗೆ ನುಡಿಸಬೇಕಾಗುತ್ತದೆ, ಖರ್ಚಿನ ಮುಕ್ಕಾಲು ಪಾಲು ಒಬ್ಬರ ತಂಡದ ವಿಮಾನಕ್ಕೂ ಹೋಟೆಲಿಗೂ ಹೋಗುತ್ತದೆ, ಅವರ ಧ್ವನಿ ಪರೀಕ್ಷೆಗೆಂದು ಉಳಿದವರ ಅರ್ಧ ದಿನ ಕರಗುತ್ತದೆ. ಇಂದು ಹೆಸರಾಗಿರುವ ತಂಡಗಳೂ ಒಂದು ಕಾಲಕ್ಕೆ ಊರಿನ ಬ್ಯಾಂಡ್‌ಗಳೇ ಆಗಿದ್ದವು. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಆಗಲಿ, 1998ರಲ್ಲಿ ಅಲ್ಲಿಯೇ ಹುಟ್ಟಿ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿದ ಕ್ರಿಪ್ಟಾಸ್ ಆಗಲಿ ಸಣ್ಣ ವೇದಿಕೆಗಳನ್ನು ದಾಟಿಯೇ ಬಂದವು. ನಿಮ್ಮ ಉತ್ಸವ ಅಂಥದೊಂದು ಸಣ್ಣ ವೇದಿಕೆ ಆಗಬೇಕೋ, ಯಾರದೋ ಪ್ರವಾಸದ ಒಂದು ನಿಲ್ದಾಣ ಆಗಬೇಕೋ ಎಂಬುದನ್ನು ಮೊದಲ ಸಭೆಯಲ್ಲಿಯೇ ತೀರ್ಮಾನಿಸಿ. ನನ್ನ ಪಕ್ಷ ಯಾವುದೆಂದು ಹೇಳಬೇಕಿಲ್ಲ.

ಯಾವ ತಿಂಗಳು ಒಳ್ಳೆಯದು?

ಜನವರಿಯ ಕೊನೆ ಮತ್ತು ಫೆಬ್ರವರಿ. ಮಳೆಯ ಭಯ ಕಡಿಮೆ, ಹಗಲು ಸಹಿಸುವಂತಿರುತ್ತದೆ, ಪರೀಕ್ಷೆಗಳು ಇನ್ನೂ ಸ್ವಲ್ಪ ದೂರವಿರುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆ ನಾಲ್ಕರ ಮೇಲೆ ಗುಡುಗು ಮಳೆ ಬರುವುದು ನಮ್ಮ ಭಾಗದಲ್ಲಿ ವಿಶೇಷವೇನಲ್ಲ, ಮತ್ತು ಅದು ಬರುವುದು ಗಾಳಿಯೊಂದಿಗೆ. ಮಲೆನಾಡಿನವರು ಫೆಬ್ರವರಿಯಲ್ಲಿ ಕೂಡ ರಾತ್ರಿಯ ಇಬ್ಬನಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಎಂಟು ಗಂಟೆಯ ನಂತರ ಗಿಟಾರಿನ ಶ್ರುತಿ ತಪ್ಪುತ್ತದೆ, ತಬಲಾ ಮತ್ತು ಡೋಲಕ್‌ಗಳ ಚರ್ಮ ಸಡಿಲಾಗುತ್ತದೆ, ಎಲ್ಲ ಮೈಕ್‌ಗಳ ಸದ್ದನ್ನು ಹೊಂದಿಸುವ ಮಿಕ್ಸರಿನ ಮೇಲೆ ನೀರು ಕೂರುತ್ತದೆ. ಮಿಕ್ಸರಿಗೆ ಒಂದು ಚಪ್ಪರ ಎಲ್ಲ ಋತುವಿನಲ್ಲಿಯೂ ಬೇಕು.

ಯಾರ ಯಾರ ಅನುಮತಿ ಪಡೆಯಬೇಕು?

ಮೊದಲು ಕಾಲೇಜಿನ ಲಿಖಿತ ಒಪ್ಪಿಗೆ, ಏಕೆಂದರೆ ಮುಂದಿನ ಎಲ್ಲ ಅರ್ಜಿಗಳಿಗೂ ಅದರ ಪ್ರತಿಯನ್ನು ಲಗತ್ತಿಸಬೇಕಾಗುತ್ತದೆ. ಆಮೇಲೆ ಪೊಲೀಸ್ ಠಾಣೆ. ಕಾರ್ಯಕ್ರಮಕ್ಕೆ ಒಂದು ಅನುಮತಿ, ಧ್ವನಿವರ್ಧಕಕ್ಕೆ ಪ್ರತ್ಯೇಕವಾಗಿ ಇನ್ನೊಂದು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಕಂಬದಿಂದ ಕರೆಂಟ್ ತೆಗೆದುಕೊಳ್ಳುವುದಿದ್ದರೆ ವಿದ್ಯುತ್ ಕಂಪನಿಯಿಂದ ತಾತ್ಕಾಲಿಕ ಸಂಪರ್ಕ, ಕಸ ಮತ್ತು ನೀರಿನ ವಿಷಯಕ್ಕೆ ಪಾಲಿಕೆ ಅಥವಾ ಪಂಚಾಯಿತಿ. ಅರ್ಜಿಯಲ್ಲಿ ನಿರೀಕ್ಷಿತ ಜನಸಂಖ್ಯೆಯನ್ನು ಕಡಿಮೆ ಬರೆದರೆ ಬೇಗ ಸಿಗುತ್ತದೆ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಕೇಳಬೇಡಿ. ಐನೂರು ಎಂದು ಬರೆದು ಮೂರು ಸಾವಿರ ಜನ ಬಂದರೆ ಇಬ್ಬರು ಪೇದೆಗಳ ಮೇಲೆ ಮೂರು ಸಾವಿರ ಜನರ ಹೊಣೆ ಬೀಳುತ್ತದೆ, ಮತ್ತು ಏನಾದರೂ ಆದರೆ ಆ ಅರ್ಜಿಯ ಕೆಳಗಿರುವುದು ನಿಮ್ಮ ಸಹಿ.

ಒಂದು ತಿಂಗಳು ಮೊದಲೇ ಓಡಾಟ ಆರಂಭಿಸಿ. ಪ್ರತಿಯೊಂದು ಅರ್ಜಿಗೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ರಾತ್ರಿ ಹತ್ತು ಎಂದರೆ ಹತ್ತೇ ಗಂಟೆಯೇ? ಸ್ವಲ್ಪ ಮುಂದೆ ಹೋಗಲು ಬರುವುದಿಲ್ಲವೇ?

2000ದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಇದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಗಳಿಗೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ. ಆ ದಿನಗಳು ಸಾಮಾನ್ಯವಾಗಿ ದೊಡ್ಡ ಹಬ್ಬಗಳಿಗೆ ಹೋಗುತ್ತವೆ, ನಿಮ್ಮ ಪಾಲಿಗೆ ಬರುವುದಿಲ್ಲ ಎಂದುಕೊಂಡೇ ಯೋಜನೆ ಹಾಕಿ.

ನಾವು ಕೊನೆಯ ಹಾಡನ್ನು 9.45ಕ್ಕೆ ಮುಗಿಸುವಂತೆ ಬರೆದಿಡುತ್ತಿದ್ದೆವು. ಉಳಿದ ಹದಿನೈದು ನಿಮಿಷ ಇನ್ನೊಂದು ಹಾಡು ಬೇಕೆನ್ನುವ ಜನರಿಗಾಗಿ. ಅವರು ಕೇಳದೆ ಇರುವುದಿಲ್ಲ.

ಎಷ್ಟು ಜೋರಾಗಿ ನುಡಿಸಬಹುದು?

ಇದಕ್ಕೆ ಸರಿಯಾದ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ. ಹಗಲು ವೇಳೆ ವಸತಿ ಪ್ರದೇಶಕ್ಕೆ 55, ವಾಣಿಜ್ಯ ಪ್ರದೇಶಕ್ಕೆ 65, ನಿಶ್ಶಬ್ದ ವಲಯಕ್ಕೆ 50 ಡೆಸಿಬಲ್ ಎಂದು ನಿಯಮ ಹೇಳುತ್ತದೆ. ಧ್ವನಿವರ್ಧಕ ಇರುವ ಜಾಗದ ಗಡಿಯಲ್ಲಿ ಶಬ್ದವು ಈ ಮಿತಿಗಿಂತ 10 ಡೆಸಿಬಲ್‌ವರೆಗೆ ಹೆಚ್ಚಿರಬಹುದು ಅಥವಾ 75 ಡೆಸಿಬಲ್ ಇರಬಹುದು, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅಂದರೆ ಸುತ್ತಲೂ ಮನೆಗಳಿರುವ ಕಾಲೇಜಿನ ಕಾಂಪೌಂಡ್ ಗೋಡೆಯ ಬಳಿ 65. ನಿಶ್ಶಬ್ದ ವಲಯವೆಂಬುದು ಆಸ್ಪತ್ರೆ, ನ್ಯಾಯಾಲಯಗಳ ಜೊತೆಗೆ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುವ ಮಾತಾದ್ದರಿಂದ, ನಿಮ್ಮ ಕಾಲೇಜಿನ ಸುತ್ತ ಹಾಗೆ ಘೋಷಣೆಯಾಗಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಕಾಲೇಜು ತನ್ನ ಬಯಲಿನಲ್ಲಿಯೇ ನುಡಿಸಲಾಗದ ವಿಚಿತ್ರ ಪರಿಸ್ಥಿತಿ ಬರಬಹುದು.

ಈಗ ಲೆಕ್ಕ ನೋಡಿ. ಬಯಲಿನಲ್ಲಿ ದೂರ ಎರಡರಷ್ಟಾದಾಗ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸ್ಪೀಕರಿನಿಂದ 20 ಮೀಟರ್ ದೂರದಲ್ಲಿ ಕುಳಿತ ಮಿಕ್ಸರ್ ಬಳಿ 95 ಇದ್ದರೆ, 40 ಮೀಟರಿನಲ್ಲಿ 89, 80ರಲ್ಲಿ 83, 160ರಲ್ಲಿ 77, 320 ಮೀಟರಿನಲ್ಲಿಯೂ 71. ಬರಿಯ ದೂರವನ್ನು ನಂಬಿದರೆ ಕಾಂಪೌಂಡ್ ಗೋಡೆಯ ಬಳಿ 65ಕ್ಕೆ ಮುಟ್ಟುವುದೇ ಇಲ್ಲ. ಹಾಗಾಗಿ ವೇದಿಕೆಯ ಬೆನ್ನನ್ನು ಮನೆಗಳಿರುವ ದಿಕ್ಕಿಗೆ ಮಾಡಿ, ಸ್ಪೀಕರುಗಳ ಮುಖ ಕಾಲೇಜಿನ ಕಟ್ಟಡ ಅಥವಾ ಗುಡ್ಡದ ಕಡೆ ಇರಲಿ. ಎತ್ತರಕ್ಕೆ ಕಟ್ಟಿ ತುಸು ಕೆಳಕ್ಕೆ ಬಾಗಿಸಲಿ. ತಗ್ಗು ಸ್ವರಗಳು ಮಾತ್ರ ಹಿಂದಕ್ಕೂ ಹೋಗುತ್ತವೆ, ಗೋಡೆಯನ್ನೂ ದಾಟುತ್ತವೆ. ಪಕ್ಕದ ಓಣಿಯವರಿಗೆ ಹಾಡು ಕೇಳಿಸದಿದ್ದರೂ ಡಬ್ ಡಬ್ ಕೇಳಿಸುವುದು ಇದೇ ಕಾರಣಕ್ಕೆ, ಮತ್ತು ದೂರು ಬರುವುದು ಆ ಡಬ್ ಡಬ್ ಸದ್ದಿನಿಂದಲೇ. ತಗ್ಗು ಸ್ವರಗಳನ್ನು ಹೊರಡಿಸುವ ಸಬ್‌ವೂಫರ್ ಸ್ಪೀಕರುಗಳ ಸಂಖ್ಯೆಯನ್ನು ಇಳಿಸಿದರೆ ಸಂಗೀತಕ್ಕೆ ಆಗುವ ನಷ್ಟ ಸಣ್ಣದು.

ಕೇಳುಗರ ಕಿವಿಯ ಮಾತೂ ಇದೆ. ಸಂಗೀತದ ಸ್ಥಳಗಳಲ್ಲಿ 15 ನಿಮಿಷಗಳ ಸರಾಸರಿ 100 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಹೊರಡಿಸಿದೆ. ಮೈಕ್‌ಸೆಟ್‌ನವರು ಸಂಜೆ ಆದಂತೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗುತ್ತಾರೆ; ಅದು ಅವರ ದುರುದ್ದೇಶವಲ್ಲ, ದಿನವಿಡೀ ಕೇಳಿದ ಕಿವಿ ದಣಿದಿರುತ್ತದೆ. ಒಬ್ಬ ಸ್ವಯಂಸೇವಕ ಫೋನಿನ ಡೆಸಿಬಲ್ ಆ್ಯಪ್ ಹಿಡಿದು ಗೋಡೆಯ ಬಳಿ ನಿಂತು ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳಲಿ. ಆ ಅಂಕಿ ನ್ಯಾಯಾಲಯಕ್ಕೆ ಸಾಲದು, ಆದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ತಿಳಿಯುತ್ತದೆ.

ಒಂದೇ ದಿನದಲ್ಲಿ ಎಷ್ಟು ಬ್ಯಾಂಡ್‌ಗಳನ್ನು ಹಿಡಿಸಬಹುದು?

ಸಂಜೆ 4ರಿಂದ 9.45ರವರೆಗೆ 345 ನಿಮಿಷಗಳಿವೆ. ಪ್ರತಿ ಬ್ಯಾಂಡಿಗೆ ನುಡಿಸಲು 30 ನಿಮಿಷ, ಒಂದು ಇಳಿದು ಇನ್ನೊಂದು ಹತ್ತಲು 15 ನಿಮಿಷ, ಒಟ್ಟು 45. ಏಳು ಬ್ಯಾಂಡ್‌ಗಳಿಗೆ 315 ನಿಮಿಷ ಆಯಿತು, ಅರ್ಧ ಗಂಟೆ ಉಳಿಯಿತು. ಆ ಅರ್ಧ ಗಂಟೆಯನ್ನು ನೋಡಿ ಎಂಟನೆಯ ಬ್ಯಾಂಡಿನ ಹೆಸರು ಬರೆಯುವ ಆಸೆ ಪ್ರತಿ ಸಮಿತಿಗೂ ಬರುತ್ತದೆ. ಬರೆಯಬೇಡಿ, ಅದು ಆಗಲೇ ಖರ್ಚಾಗಿದೆ. ಉದ್ಘಾಟನೆಗೆ ಬರುವ ಅತಿಥಿಗಳಿಗೆ ಐದು ನಿಮಿಷ ಮಾತನಾಡಿ ಎಂದು ವಿನಂತಿಸಿಕೊಂಡಿರುತ್ತೀರಿ, ಅವರು ತಮ್ಮ ವಿದ್ಯಾರ್ಥಿ ಜೀವನದಿಂದ ಆರಂಭಿಸುತ್ತಾರೆ. ದೀಪ ಬೆಳಗುವುದು, ಶಾಲು, ಹಾರ, ಸ್ಮರಣಿಕೆ, ಫೋಟೋ, ವಂದನಾರ್ಪಣೆ ಎಲ್ಲ ಸೇರಿ ಇಡೀ ಒಂದು ಬ್ಯಾಂಡಿನ ಹೊತ್ತನ್ನು ನುಂಗುತ್ತವೆ. ನನ್ನ ಸಲಹೆ, ಸಭಾ ಕಾರ್ಯಕ್ರಮವನ್ನು ಬೆಳಿಗ್ಗೆ ಸಭಾಂಗಣದಲ್ಲಿ ಮುಗಿಸಿಬಿಡಿ. ಬಯಲಿನ ವೇದಿಕೆಯ ಮೇಲೆ ಕುರ್ಚಿಗಳನ್ನು ಹಾಕಲೇಬೇಡಿ.

ಬ್ಯಾಂಡ್‌ಗಳಿಂದ ಮುಂಚಿತವಾಗಿ ಏನೇನು ತರಿಸಿಕೊಳ್ಳಬೇಕು?

ಎರಡು ಕಾಗದಗಳು. ಒಂದು, ವೇದಿಕೆಯ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೆ ಎಂಬ ಕೈಬರಹದ ನಕ್ಷೆ. ಎರಡು, ಎಷ್ಟು ಮೈಕ್, ವಾದ್ಯದಿಂದ ನೇರವಾಗಿ ಮಿಕ್ಸರಿಗೆ ಹೋಗುವ ಎಷ್ಟು ಲೈನ್ ಬೇಕು ಎಂಬ ಪಟ್ಟಿ. ಇವೆರಡನ್ನೂ ಒಂದು ವಾರ ಮೊದಲು ಮೈಕ್‌ಸೆಟ್‌ನವರ ಕೈಗೆ ಕೊಟ್ಟರೆ ಅವರು ಏಳು ಬ್ಯಾಂಡಿಗೂ ಒಪ್ಪುವಂತೆ ಚಾನೆಲ್‌ಗಳನ್ನು ಹಂಚಿಕೊಳ್ಳುತ್ತಾರೆ. ಡ್ರಮ್ ಸೆಟ್ ಮತ್ತು ಗಿಟಾರಿನ ಸದ್ದನ್ನು ಹಿಗ್ಗಿಸುವ ಆ್ಯಂಪ್‌ಗಳು ಎಲ್ಲರಿಗೂ ಒಂದೇ ಇರಲಿ. ಆದರೆ ಸ್ನೇರ್, ಸಿಂಬಲ್, ಕಿಕ್ ಪೆಡಲ್‌ಗಳನ್ನು ಆಯಾ ಡ್ರಮ್ಮರ್ ತಾನೇ ತರಬೇಕು ಎಂಬುದು ಎಲ್ಲೆಡೆಯ ರೂಢಿ, ಮುರಿಯುವ ಸಾಮಾನುಗಳು ಅವೇ ಆದ್ದರಿಂದ. ಇದನ್ನು ಬರೆದು ತಿಳಿಸದಿದ್ದರೆ ಯಾರಾದರೊಬ್ಬರು ಕೈಯಲ್ಲಿ ಎರಡು ಕೋಲು ಮಾತ್ರ ಹಿಡಿದು ಬರುತ್ತಾರೆ.

ಧ್ವನಿ ಪರೀಕ್ಷೆಯನ್ನು ಕೊನೆಗೆ ನುಡಿಸುವ ಬ್ಯಾಂಡಿನಿಂದ ಆರಂಭಿಸಿ ಮೊದಲನೆಯದರಲ್ಲಿ ಮುಗಿಸಿ. ಆಗ ಮೊದಲನೆಯ ಬ್ಯಾಂಡಿನ ಜೋಡಣೆ ವೇದಿಕೆಯ ಮೇಲೆ ಹಾಗೆಯೇ ಉಳಿಯುತ್ತದೆ, ನಾಲ್ಕು ಗಂಟೆಗೆ ಸರಿಯಾಗಿ ಶುರುವಾಗುತ್ತದೆ.

ಡೊಳ್ಳು, ತಮಟೆ ಬಳಸುವ ತಂಡಗಳಿಗೆ ಬೇರೆ ವ್ಯವಸ್ಥೆ ಬೇಕೇ?

ಬೇಕು, ಮತ್ತು ಇದನ್ನು ಬಹಳ ಜನ ಮರೆಯುತ್ತಾರೆ. ತಮಟೆಯನ್ನು ನುಡಿಸುವ ಮುನ್ನ ಬೆಂಕಿಗೆ ಕಾಯಿಸಬೇಕು. ಚರ್ಮ ಬಿಗಿಯಾದರೆ ಮಾತ್ರ ಅದರ ಕಂಠ ಏಳುತ್ತದೆ. ಎರಡನೆಯ ವರ್ಷ ವೇದಿಕೆಯ ಹಿಂದೆ ಒಬ್ಬ ಹಿರಿಯ ವಾದಕರು ಒಣ ತೆಂಗಿನ ಗರಿ ಹಚ್ಚಿ, ತಮಟೆಯನ್ನು ಅದರ ಮೇಲೆ ತಿರುಗಿಸುತ್ತ, ಬೆರಳಿನಿಂದ ತಟ್ಟಿ ತಟ್ಟಿ ಕಿವಿಗೊಡುತ್ತ ಕುಳಿತಿದ್ದರು. ಎರಡು ಮಾರು ದೂರದಲ್ಲಿ ಡೀಸೆಲ್ ಡ್ರಮ್ ಇತ್ತು. ನಮ್ಮ ಸುರಕ್ಷತಾ ಸ್ವಯಂಸೇವಕ ಓಡಿ ಬಂದು ಬಕೆಟ್ ನೀರು ಸುರಿದ. ಬೆಂಕಿಯ ಜೊತೆಗೆ ಅರ್ಧ ಕಾದ ತಮಟೆಯೂ ತೊಯ್ದಿತು. ಆ ವಾದಕರು ಏನೂ ಅನ್ನದೆ ಅದನ್ನು ಪಂಚೆಯ ಸೆರಗಿನಿಂದ ಒರೆಸಿದರು, ಬೈದಿದ್ದರೆ ಒಳ್ಳೆಯದಿತ್ತು. ತಪ್ಪು ಇಬ್ಬರದೂ ಅಲ್ಲ, ಜಾಗ ಗುರುತಿಸದ ನಮ್ಮದು. ವೇದಿಕೆ, ಜನರೇಟರ್, ಬಟ್ಟೆಯ ಪರದೆಗಳಿಂದ ದೂರದಲ್ಲಿ ಒಂದು ಜಾಗ, ಪಕ್ಕದಲ್ಲಿ ಮರಳಿನ ಬಕೆಟ್, ಕಾಯಲು ಒಬ್ಬರು, ಇಷ್ಟನ್ನು ಅಗ್ನಿಶಾಮಕದವರಿಗೆ ಕೊಡುವ ನಕ್ಷೆಯಲ್ಲಿಯೇ ತೋರಿಸಿ.

ಡೊಳ್ಳಿಗೆ ಮೈಕ್ ಬೇಡ ಎಂದು ಮೈಕ್‌ಸೆಟ್‌ನವರು ಹೇಳಬಹುದು. ಹತ್ತು ಡೊಳ್ಳು ಇದ್ದರೆ ಅದು ನಿಜ. ಗಿಟಾರಿನ ಜೊತೆ ಒಂದೇ ಡೊಳ್ಳು ಇದ್ದರೆ ಎರಡೂ ಬದಿಗೆ ಒಂದೊಂದು ಮೈಕ್ ಇಡಿಸಿ.

ಕರೆಂಟಿನ ವಿಷಯದಲ್ಲಿ ಏನು ಎಚ್ಚರ ಬೇಕು?

ನಮ್ಮ ಉತ್ಸವ ಅರ್ಧಕ್ಕೆ ನಿಂತದ್ದು ಇದರಿಂದಲೇ. ಮಿಕ್ಸರ್ ಮತ್ತು ಸ್ಪೀಕರ್‌ಗಳು ಜನರೇಟರಿನಿಂದ ನಡೆಯುತ್ತಿದ್ದವು. ವೇದಿಕೆಯ ಮೇಲಿನ ಒಂದು ಗಿಟಾರ್ ಆ್ಯಂಪಿಗೆ ಮಾತ್ರ ವೈರ್ ಸಾಲಲಿಲ್ಲವೆಂದು ಯಾರೋ ಪಕ್ಕದ ಕಟ್ಟಡದ ಪ್ಲಗ್ಗಿನಿಂದ ಎಳೆದಿದ್ದರು. ಎರಡು ಕಡೆಯ ಅರ್ಥಿಂಗ್ ಬೇರೆ ಬೇರೆ. ಗಾಯಕಿ ಗಿಟಾರಿನ ತಂತಿಯ ಮೇಲೆ ಬೆರಳಿಟ್ಟು ಮೈಕಿಗೆ ತುಟಿ ತಾಗಿಸಿದ ಕ್ಷಣ ಹಿಂದಕ್ಕೆ ಬಿದ್ದಳು. ದೇವರ ದಯೆ, ತುಟಿ ಬಾತದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಆಮೇಲೆ ಯಾವ ಬ್ಯಾಂಡೂ ಮೈಕ್ ಮುಟ್ಟಲು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ.

ಆದ್ದರಿಂದ ವೇದಿಕೆಯ ಮೇಲಿನ ವಾದ್ಯ, ಮಿಕ್ಸರ್, ಸ್ಪೀಕರ್ ಎಲ್ಲವೂ ಒಂದೇ ಮೂಲದಿಂದ, ಒಂದೇ ಅರ್ಥಿಂಗ್‌ನಿಂದ ಬರಬೇಕು. ದೀಪಗಳಿಗೆ ಬೇಕಾದರೆ ಬೇರೆ ಜನರೇಟರ್ ಇರಲಿ. ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದೂ ಕಡಿಮೆಯಾಗುತ್ತದೆ. ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದ ಅರ್ಥಿಂಗ್ ಮಾಡಿಸಿ, ಸೋರಿಕೆಯಾದರೆ ತಾನಾಗಿ ಕಡಿಯುವ ಬ್ರೇಕರ್ ಹಾಕಿಸಿ. ಜನರೇಟರಿನ ಮೇಲೆ ಬರೆದಿರುವ ಕೆವಿಎ ಅಂಕಿಯನ್ನು 0.8ರಿಂದ ಗುಣಿಸಿದರೆ ಸುಮಾರು ಎಷ್ಟು ಕಿಲೋವ್ಯಾಟ್ ಸಿಗುತ್ತದೆಂದು ತಿಳಿಯುತ್ತದೆ, 62.5 ಎಂದಿದ್ದರೆ 50. ಡೀಸೆಲ್ ತುಂಬುವುದು ಎಂಜಿನ್ ಆರಿಸಿದ ಮೇಲೆಯೇ.

ಊರಿನ ಬ್ಯಾಂಡ್‌ಗಳಿಗೆ ಸಂಭಾವನೆ ಕೊಡಬೇಕೇ? ವೇದಿಕೆ ಕೊಡುವುದೇ ದೊಡ್ಡದಲ್ಲವೇ?

ಕೊಡಬೇಕು. ಮೈಕ್‌ಸೆಟ್‌ನವರಿಗೆ, ಪೆಂಡಾಲಿನವರಿಗೆ, ಊಟದವರಿಗೆ ಪ್ರಚಾರ ಸಿಗುತ್ತದೆ ಎಂದು ಹೇಳಿ ಹಣ ಉಳಿಸುವ ಧೈರ್ಯ ನಿಮಗಿದೆಯೇ? ಹುಬ್ಬಳ್ಳಿಯಿಂದ ಐದು ಜನ ವಾದ್ಯಗಳೊಂದಿಗೆ ಒಂದು ಗಾಡಿ ಮಾಡಿಕೊಂಡು ಬಂದರೆ ಅದಕ್ಕೆ ಖರ್ಚಿದೆ, ಅದಕ್ಕೂ ಮೊದಲು ತಿಂಗಳುಗಟ್ಟಲೆ ಅಭ್ಯಾಸವಿದೆ. ಎಲ್ಲ ಬ್ಯಾಂಡ್‌ಗಳಿಗೂ ಸಮನಾದ ಮೊತ್ತ, ಅದಕ್ಕೆ ಮೇಲಾಗಿ ಪ್ರಯಾಣದ ಖರ್ಚು ಮತ್ತು ಊಟ ಎಂದು ನಾವು ಇಟ್ಟುಕೊಂಡಿದ್ದೆವು. ಮೊತ್ತ ಸಣ್ಣದೇ ಇತ್ತು, ಆದರೆ ವೇದಿಕೆಯಿಂದ ಇಳಿದ ಅರ್ಧ ಗಂಟೆಯೊಳಗೆ ಕೈಗೆ ಸಿಗುತ್ತಿತ್ತು. ಬ್ಯಾಂಡ್‌ಗಳು ಮರುವರ್ಷ ಫೋನ್ ಎತ್ತಿದ್ದು ಅದಕ್ಕೇ ಎಂದು ನಾನು ನಂಬಿದ್ದೇನೆ.

ಬೇರೆಯವರ ಹಾಡುಗಳನ್ನು ಹಾಡಬಹುದೇ?

1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅದರ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಪ್ರದರ್ಶಿಸುವುದಕ್ಕೆ ವಿನಾಯಿತಿ ಕೊಡುತ್ತದೆ. ಹೊರಗಿನ ಬ್ಯಾಂಡ್ ಬಂದು, ಟಿಕೆಟ್ ಕೊಂಡ ಸಾರ್ವಜನಿಕರ ಮುಂದೆ ಸಿನಿಮಾ ಹಾಡು ಹಾಡಿದರೆ ಆ ನೆರಳಿನಲ್ಲಿ ನಿಲ್ಲಲಾಗದು. ಸಾಹಿತ್ಯ ಮತ್ತು ಸಂಗೀತದ ಪರವಾನಗಿಗೆ 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಸಂಸ್ಥೆಯನ್ನೂ, ಬ್ಯಾಂಡ್‌ಗಳ ನಡುವಿನ ಹೊತ್ತಿನಲ್ಲಿ ಧ್ವನಿಮುದ್ರಿತ ಹಾಡು ಹಾಕುವುದಿದ್ದರೆ ಪಿಪಿಎಲ್‌ನಂಥ ಸಂಸ್ಥೆಯನ್ನೂ ಸಂಪರ್ಕಿಸಬೇಕಾಗುತ್ತದೆ.

ನಮ್ಮ ಬ್ಯಾಂಡ್‌ಗಳು ಬಹುಪಾಲು ಕೈಹಾಕುವುದು ತತ್ವಪದ, ವಚನ, ಭಾವಗೀತೆಗಳಿಗೆ. ಇಲ್ಲಿ ವರ್ಷ ಎಣಿಸಬೇಕು. ಕವಿ ತೀರಿಕೊಂಡ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು, ಅವರ ಪದ ಎಲ್ಲರದು. ದ. ರಾ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು. ಅವರ ಕವಿತೆಗಳು 2041ರ ಕೊನೆಯವರೆಗೆ ಸ್ವಾಮ್ಯದಲ್ಲಿರುತ್ತವೆ, ಅವರ ಮನೆಯಿದ್ದ ಸಾಧನಕೇರಿ ಪಕ್ಕದಲ್ಲಿಯೇ ಇದೆ ಎಂಬುದು ಅನುಮತಿಯಲ್ಲ. ಪದ ಶರೀಫರದ್ದಾಗಿದ್ದರೂ ನೀವು ಹಾಡುವ ಧಾಟಿ ಸಿ. ಅಶ್ವತ್ಥ್ ಅವರು ಕಟ್ಟಿದ್ದಾದರೆ ಆ ಧಾಟಿಗೆ ಬೇರೆಯೇ ಹಕ್ಕಿದೆ. ಸರಳ ದಾರಿಯೊಂದಿದೆ: ಪ್ರತಿ ಬ್ಯಾಂಡ್ ಅರ್ಧಕ್ಕಿಂತ ಹೆಚ್ಚು ಸ್ವಂತ ಹಾಡು ಹಾಡಬೇಕು ಎಂದು ಆಯ್ಕೆಯ ಹಂತದಲ್ಲಿಯೇ ತಿಳಿಸಿ, ಉಳಿದವುಗಳ ಪಟ್ಟಿಯನ್ನು ಮೊದಲೇ ತರಿಸಿಕೊಳ್ಳಿ.

ಟಿಕೆಟ್ ಇಡಬೇಕೇ?

ಇಡುವುದು ಒಳ್ಳೆಯದು, ಹಣಕ್ಕಿಂತ ಹೆಚ್ಚಾಗಿ ಎಣಿಕೆಗೆ. ಸಂಗೀತ ಕಾರ್ಯಕ್ರಮದ ಪ್ರವೇಶ ದರ ತಲಾ 500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ವಿನಾಯಿತಿ ಇದೆ, ಕಾಲೇಜಿನ ಉತ್ಸವಕ್ಕೆ ಅದನ್ನು ದಾಟುವ ಅಗತ್ಯ ಬರಬಾರದು. ಉಚಿತವಾಗಿ ಬಿಡುವುದಾದರೂ ಪಾಸ್ ಹಂಚಿ, ಗೇಟಿನಲ್ಲಿ ಎಣಿಸಿ.

ಜನ ಹೆಚ್ಚಾದರೆ ಏನು ಮಾಡುವುದು?

ಹೆಚ್ಚಾದ ಮೇಲೆ ಮಾಡಬಹುದಾದದ್ದು ಬಹಳ ಕಡಿಮೆ. 2023ರ ನವೆಂಬರ್ 25ರಂದು ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಉತ್ಸವದ ಸಂಗೀತ ಕಾರ್ಯಕ್ರಮಕ್ಕೆ ಮುನ್ನ ಬಯಲು ಸಭಾಂಗಣದ ಪ್ರವೇಶದಲ್ಲಿ ನೂಕುನುಗ್ಗಲಾಗಿ ನಾಲ್ವರು ಸತ್ತರು. ಮಳೆ ಬಂದಿತು, ಹೊರಗಿದ್ದವರು ಒಳಕ್ಕೆ ನುಗ್ಗಿದರು, ದಾರಿಯಲ್ಲಿ ಇಳಿಜಾರಿನ ಮೆಟ್ಟಿಲುಗಳಿದ್ದವು. ಆ ದಿನದ ವರದಿಗಳನ್ನು ನಿಮ್ಮ ಸಮಿತಿಯ ಪ್ರತಿಯೊಬ್ಬರೂ ಓದಬೇಕು. ಅಲ್ಲಿ ಇದ್ದವರು ನಮ್ಮ ನಿಮ್ಮಂಥ ವಿದ್ಯಾರ್ಥಿಗಳೇ.

ನಿಂತು ಕೇಳುವ ಜನರಿಗೆ ಚದರ ಮೀಟರಿಗೆ ಇಬ್ಬರಂತೆ ಜಾಗ ಲೆಕ್ಕ ಹಾಕಿ. 50 ಮೀಟರ್ ಉದ್ದ, 30 ಮೀಟರ್ ಅಗಲದ ಬಯಲಿಗೆ ಮೂರು ಸಾವಿರ. ವೇದಿಕೆಯ ಮುಂಭಾಗದಲ್ಲಿ ಅದು ಐದರ ಹತ್ತಿರ ಹೋದರೆ ಜನ ತಮ್ಮಿಚ್ಛೆಯಂತೆ ಅಲುಗಾಡಲಾರರು, ಒಬ್ಬರು ಬಿದ್ದರೆ ಸುತ್ತಲಿನವರೂ ಬೀಳುತ್ತಾರೆ. ಸಮತಟ್ಟಾದ ನೆಲದ ಮೇಲೆ ಒಂದು ಮೀಟರ್ ಅಗಲದ ದಾರಿಯಿಂದ ನಿಮಿಷಕ್ಕೆ ಸುಮಾರು 80 ಜನ ಹೊರಹೋಗಬಲ್ಲರು. ಮೂರು ಸಾವಿರ ಜನ ಎಂಟು ನಿಮಿಷದಲ್ಲಿ ಹೊರಬರಬೇಕಾದರೆ ಒಟ್ಟು ಸುಮಾರು 5 ಮೀಟರ್ ಅಗಲದ ದಾರಿ ಬೇಕು. ಒಂದು ಗೇಟು ಮುಚ್ಚಿಹೋದರೂ ಉಳಿದವು ಸಾಲುವಂತೆ ಮೂರು ಕಡೆ ಇಡಿ. ಕಾಲೇಜುಗಳಲ್ಲಿ ಹಿಂದಿನ ಗೇಟಿಗೆ ಯಾವಾಗಲೂ ಬೀಗ ಇರುತ್ತದೆ, ಕೀಲಿ ಇರುವ ಜವಾನರು ಆ ಹೊತ್ತಿಗೆ ಮನೆಗೆ ಹೋಗಿರುತ್ತಾರೆ. ಕೀಲಿಯನ್ನು ಹಿಂದಿನ ದಿನವೇ ಪಡೆದು, ಗೇಟು ತೆಗೆದಿಟ್ಟು, ಅಲ್ಲಿ ಇಬ್ಬರನ್ನು ನಿಲ್ಲಿಸಿ. ಆಂಬುಲೆನ್ಸ್ ಬರುವ ದಾರಿಯಲ್ಲಿ ಯಾರ ಬೈಕೂ ನಿಲ್ಲಕೂಡದು, ಅಧ್ಯಕ್ಷರದ್ದೂ ಸಹ.

ಮಳೆ ಬಂದರೆ?

ಮಳೆಗಿಂತ ಗಾಳಿ ಅಪಾಯಕಾರಿ. ಬಟ್ಟೆ ಕಟ್ಟಿದ ವೇದಿಕೆಯ ಹಿನ್ನೆಲೆ ಹಡಗಿನ ಹಾಯಿಯಂತೆ ವರ್ತಿಸುತ್ತದೆ. ಗಾಳಿ ಎದ್ದರೆ ಮೊದಲು ಅದನ್ನು ಬಿಚ್ಚಬೇಕು, ಆಮೇಲೆ ಸ್ಪೀಕರುಗಳನ್ನು ಇಳಿಸಬೇಕು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಬಂದ ಮಳೆ ಇಪ್ಪತ್ತು ನಿಮಿಷವಷ್ಟೇ ಸುರಿಯಿತು. ಆದರೆ ಬಯಲಿನದು ಎರೆ ಮಣ್ಣು. ಜನರೇಟರ್ ಹೊತ್ತ ಲಾರಿ ಅಚ್ಚಿನವರೆಗೆ ಹೂತುಹೋಯಿತು, ವೇದಿಕೆಯ ಒಂದು ಕಾಲು ಗೇಣುದ್ದ ಇಳಿದು ಡ್ರಮ್ ಸೆಟ್ ಮೆಲ್ಲಗೆ ಜಾರುತ್ತ ಹೋಯಿತು. ಎರೆ ಭೂಮಿಯವರು ವೇದಿಕೆಯ ಪ್ರತಿ ಕಾಲಿನ ಕೆಳಗೂ ಅಗಲವಾದ ಹಲಗೆ ಇಡಿಸಿ. ಕಾರ್ಯಕ್ರಮ ನಿಲ್ಲಿಸುವ ತೀರ್ಮಾನ ಯಾರದು ಎಂಬುದನ್ನು ಹಿಂದಿನ ದಿನವೇ ಒಬ್ಬರ ಹೆಸರಿಗೆ ಬರೆದಿಡಿ, ಮತ್ತು ನಿಲ್ಲಿಸಿದಾಗ ಜನರಿಗೆ ಎಲ್ಲಿಗೆ ಹೋಗಬೇಕೆಂದು ಮೈಕಿನಲ್ಲಿ ಕನ್ನಡದಲ್ಲಿ, ನಿಧಾನವಾಗಿ ಹೇಳಿ.

ಕಾರ್ಯಕ್ರಮವನ್ನು ವಿಡಿಯೊ ಮಾಡಿ ಹಾಕಬಹುದೇ?

ಬ್ಯಾಂಡಿನ ಒಪ್ಪಿಗೆ ಇಲ್ಲದೆ ಹಾಕಬಾರದು. ಕೃತಿಸ್ವಾಮ್ಯ ಕಾಯ್ದೆಯ 38ಎ ಕಲಂ ಪ್ರದರ್ಶನದ ಧ್ವನಿ ಮತ್ತು ದೃಶ್ಯ ಮುದ್ರಣದ ಹಕ್ಕನ್ನು ಕಲಾವಿದರಿಗೇ ಕೊಟ್ಟಿದೆ. ಒಂದು ಪುಟದ ಒಪ್ಪಂದದಲ್ಲಿ ಇದನ್ನು ಬರೆದುಕೊಂಡು, ಮುದ್ರಣದ ಒಂದು ಪ್ರತಿಯನ್ನು ಅವರಿಗೂ ಕೊಡಿ. ಸಣ್ಣ ಬ್ಯಾಂಡಿಗೆ ಅದು ಸಂಭಾವನೆಯಷ್ಟೇ ಬೆಲೆಯದು.

ಅಕ್ಕಪಕ್ಕದ ಮನೆಯವರು ವಿರೋಧಿಸಿದರೆ?

ಒಂದು ವಾರ ಮೊದಲು ಮನೆ ಮನೆಗೆ ಹೋಗಿ, ಚೀಟಿ ಕೊಟ್ಟು, ಆರಂಭ ಮತ್ತು ಮುಕ್ತಾಯದ ಸಮಯ ಹಾಗೂ ಒಂದು ಫೋನ್ ನಂಬರ್ ತಿಳಿಸಿ ಬನ್ನಿ. ಆ ಫೋನನ್ನು ವೇದಿಕೆಯಿಂದ ದೂರ ಇರುವವರು ಹಿಡಿದಿರಬೇಕು, ಇಲ್ಲದಿದ್ದರೆ ರಿಂಗ್ ಕೇಳಿಸುವುದಿಲ್ಲ. ಕಾಲೇಜಿನ ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜ ನಮ್ಮನ್ನು ಬಾಗಿಲಲ್ಲಿಯೇ ನಿಲ್ಲಿಸಿ, "ಹತ್ತಕ್ಕ ಮುಗಸ್ತೀವಿ ಅಂತ ಹ್ವಾದ ವರ್ಷಾನೂ ಹೇಳಿದ್ರಿ ತಮ್ಮಾ" ಎಂದರು. ಹಿಂದಿನ ವರ್ಷ ಹತ್ತೂಕಾಲಾಗಿತ್ತು. "ಈ ಸಲ ಖರೇನ ಮುಗಸ್ತೀವ್ರಿ ಅಜ್ಜಾರ" ಎಂದು ಹೇಳಿ ಬಂದೆವು. ಮುಗಿಸಿದೆವು ಕೂಡ, 9.52ಕ್ಕೆ. ಮರುದಿನ ಅವರು ಹಾಡಿನ ಬಗ್ಗೆ ಏನೂ ಹೇಳಲಿಲ್ಲ. ಗಡಿಯಾರ ನೋಡಿಕೊಂಡು ಕೂತಿದ್ದೆ ಎಂದಷ್ಟೇ ಹೇಳಿದರು.

ಮದ್ಯ, ಸಿಗರೇಟು, ಫ್ಲೆಕ್ಸ್?

ಮೊದಲನೆಯದು ಕಾಲೇಜಿನ ಆವರಣದಲ್ಲಿ ಬೇಡವೇ ಬೇಡ. ಎರಡನೆಯದನ್ನು ಶಿಕ್ಷಣ ಸಂಸ್ಥೆಯ 100 ಗಜದೊಳಗೆ ಮಾರುವುದೇ ನಿಷಿದ್ಧ. ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದಲೇ ನಿಷೇಧಿತ. ಬಟ್ಟೆಯ ಮೇಲೆ ಬಣ್ಣದಿಂದ ಬರೆಸಿ, ಚೆನ್ನಾಗಿಯೂ ಕಾಣುತ್ತದೆ.

ಮರುದಿನ ಏನು ಕೆಲಸವಿರುತ್ತದೆ?

ಬಯಲನ್ನು ಬೆಳಗಿನ ಕ್ರಿಕೆಟ್ ಅಭ್ಯಾಸಕ್ಕೆ ಮೊದಲು ಬಿಟ್ಟುಕೊಡಬೇಕು, ಆದ್ದರಿಂದ ಕಸ ಆಯುವುದು ಆರು ಗಂಟೆಗೆ. ನೂರು ಸ್ವಯಂಸೇವಕರಲ್ಲಿ ಹನ್ನೆರಡು ಮಂದಿ ಬರುತ್ತಾರೆ. ಆ ಹನ್ನೆರಡು ಹೆಸರುಗಳನ್ನು ಬರೆದಿಡಿ, ಮುಂದಿನ ವರ್ಷದ ಸಮಿತಿ ಅದೇ. ಬಾಡಿಗೆ ಸಾಮಾನುಗಳನ್ನು ಪಟ್ಟಿ ಹಿಡಿದು ಒಪ್ಪಿಸಿ, ಮೂರು ದಿನದೊಳಗೆ ಲೆಕ್ಕವನ್ನು ನೋಟೀಸ್ ಬೋರ್ಡಿಗೆ ಹಚ್ಚಿ. ಹುಲ್ಲಿನಲ್ಲಿ ಗಿಟಾರ್ ಪಿಕ್, ಒಂದು ಕಾಲಿನ ಚಪ್ಪಲಿ, ಬಸ್ ಪಾಸ್ ಸಿಗುತ್ತವೆ. ಡ್ರಮ್ ಬಿಗಿಯುವ ಕೀಲಿ ಮಾತ್ರ ಸಿಗುವುದಿಲ್ಲ, ಬಾಡಿಗೆಯವರು ಅದರ ಹಣ ಹಿಡಿದುಕೊಳ್ಳುತ್ತಾರೆ.